ನಾಡಿನ ಪರವಾಗಿ ಮಾತಾಡುವವರ ಫೀಸು ಯಾರು ಕಟ್ಟಬೇಕು?

ದಾವಣಗೆರೆಯ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರು ನಮ್ಮ ಪತ್ರಿಕೆಗೆ ಮೂರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೋರಿರುವುದರಿಂದ ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಪತ್ರಿಕೋದ್ಯಮದಲ್ಲಿ ಬಿ.ಎ. ಮುಗಿಸಿದ ಅವರ ಮೊಮ್ಮಗಳು ಅಮೆರಿಕಕ್ಕೆ ಹೋಗಿ ಸಾರ್ವಜನಿಕ ರಾಜತಾಂತ್ರಿಕತೆ, ಅಂದರೆ ಪಬ್ಲಿಕ್ ಡಿಪ್ಲೊಮಸಿ (ಒಂದು ದೇಶ ಪರದೇಶದ ಜನರೊಡನೆ ನೇರವಾಗಿ ನಂಟು ಬೆಳೆಸುವ ವಿದ್ಯೆ), ಓದುತ್ತೇನೆಂದು ಹಟ ಹಿಡಿದಿದ್ದಾಳಂತೆ. ಮೇಷ್ಟ್ರು ಬರೆಯುತ್ತಾರೆ: “ಸಿಲ್ವರ್ ನೈಟ್ರೇಟ್ ಕೊಳ್ಳಲು ದುಡ್ಡಿಲ್ಲದೆ ಪ್ರಯೋಗವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು. ಪರದೇಶದ ಜನರೊಡನೆ ಚೆನ್ನಾಗಿ ಮಾತಾಡುವುದಕ್ಕೂ ಒಂದು ಪದವಿ ಬೇಕೆ? ಅದಕ್ಕೆ ವಿಶ್ವವಿದ್ಯಾಲಯಗಳು ಹಣ ಕೊಡಬೇಕೆ? ಕೊಟ್ಟರೆ ಅದು ಸರ್ಕಾರದ ತುತ್ತೂರಿ ಊದುವವರನ್ನು ಸಾಕಿದಂತಾಗುವುದಿಲ್ಲವೆ? ಓದಿ ಬಂದ ಮೇಲೆ ಅದನ್ನು ಇಲ್ಲಿ ಪದವಿ ಎಂದು ಒಪ್ಪುವವರಾದರೂ ಯಾರು?”

ಮೇಷ್ಟ್ರೇ, ನಿಮ್ಮ ಸಿಲ್ವರ್ ನೈಟ್ರೇಟಿನ ಸಂಕಟ ಸುಳ್ಳಲ್ಲ. ಬಾಗಿಲು ತೆರೆದು ಎರಡು ವರ್ಷವಾಗುವಷ್ಟರಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೇಳಿದ ರಾಜ್ಯ ನಮ್ಮದು. ಇರುವ ವಿಭಾಗಗಳೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿರುವಾಗ ಹೊಸ ವಿಷಯಕ್ಕೆ ಹಣ ಕೇಳುವವರನ್ನು ಕಂಡರೆ ಸಿಟ್ಟು ಬರುವುದು ಸಹಜ. ತುತ್ತೂರಿಯ ಅನುಮಾನಕ್ಕೂ ಆಧಾರವಿದೆ. ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕೆ ಅಲ್ಲಿನ ಬೇಹುಗಾರಿಕೆ ಸಂಸ್ಥೆ ಸಿಐಎ ವರ್ಷಗಟ್ಟಲೆ ಗುಟ್ಟಾಗಿ ಹಣ ಕೊಡುತ್ತಿದ್ದುದು 1967ರಲ್ಲಿ ಬಯಲಾಯಿತು. ಇಷ್ಟು ನಿಮ್ಮ ಪಾಲು. ಇನ್ನು ಮೇಲಿನದೆಲ್ಲ ಮೊಮ್ಮಗಳ ಪಾಲು; ಬೇಸರ ಮಾಡಿಕೊಳ್ಳಬಾರದು.

ಚೆನ್ನಾಗಿ ಮಾತಾಡುವುದನ್ನು ಅಲ್ಲಿ ಕಲಿಸುತ್ತಾರೆಂದು ನೀವು ಭಾವಿಸಿದ್ದೀರಿ. ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಪಾಠ ಹೇಳುವ ಇತಿಹಾಸಕಾರ ನಿಕೊಲಸ್ ಕಲ್ ಅವರು ಸಾರ್ವಜನಿಕ ರಾಜತಾಂತ್ರಿಕತೆಯನ್ನು ಐದು ಕೆಲಸಗಳಾಗಿ ಬಿಡಿಸುತ್ತಾರೆ. ಅವುಗಳಲ್ಲಿ ಅವರು ಮೊದಲಿಗೆ ಇಡುವುದು ಆಲಿಸುವುದನ್ನು. ನಿಲುವಿನ ಸಮರ್ಥನೆ, ಸಂಸ್ಕೃತಿಯ ಪರಿಚಯ, ವಿದ್ಯಾರ್ಥಿಗಳ ಮತ್ತು ವಿದ್ವಾಂಸರ ವಿನಿಮಯ, ವಿದೇಶಿ ಪ್ರಸಾರ ಇವೆಲ್ಲ ಆಮೇಲೆ ಬರುತ್ತವೆ. ಎದುರಿಗಿರುವ ಜನ ಏನನ್ನು ನಂಬಿದ್ದಾರೆ, ಏಕೆ ನಂಬಿದ್ದಾರೆ ಎಂಬುದನ್ನು ಅವರದೇ ಭಾಷೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಟೈಟ್ರೇಷನ್ ಮಾಡುವಾಗ ಬಣ್ಣ ತಿರುಗುವ ಆ ಒಂದು ಹನಿಯನ್ನು ಹಿಡಿಯಲು ನಿಮ್ಮ ವಿದ್ಯಾರ್ಥಿಗಳಿಗೆ ಎಷ್ಟು ತಿಂಗಳು ಬೇಕಾಗುತ್ತಿತ್ತೋ ಇದಕ್ಕೂ ಅಷ್ಟೇ ತಾಳ್ಮೆ ಬೇಕು.

ಈ ವಿದ್ಯೆ ವಿಶ್ವವಿದ್ಯಾಲಯದೊಳಗೆ ಬಂದ ಬಗೆಯನ್ನೂ ಸ್ವಲ್ಪ ನೋಡಬೇಕು. ರೇಡಿಯೊ ಪತ್ರಕರ್ತ ಎಡ್ವರ್ಡ್ ಮರೋ ಅವರು 1961ರಿಂದ 1964ರವರೆಗೆ ಅಮೆರಿಕ ಸರ್ಕಾರದ ವಾರ್ತಾ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಸಂದೇಶವನ್ನು ಸಾವಿರಾರು ಮೈಲಿ ಸಾಗಿಸುವುದು ದೊಡ್ಡದಲ್ಲ, ಒಬ್ಬ ಮನುಷ್ಯ ಇನ್ನೊಬ್ಬನ ಎದುರು ಕೂತು ದಾಟಿಸಬೇಕಾದ ಕೊನೆಯ ಮೂರು ಅಡಿಯೇ ಕಷ್ಟ ಎಂದು ಅವರು ಹೇಳುತ್ತಿದ್ದರು. ಅವರು ತೀರಿಕೊಂಡ 1965ರಲ್ಲೇ ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆ ಅವರ ಹೆಸರಿನಲ್ಲಿ ಸಾರ್ವಜನಿಕ ರಾಜತಾಂತ್ರಿಕತೆಯ ಕೇಂದ್ರವನ್ನು ತೆರೆಯಿತು. ಶೀತಲ ಸಮರ ಮುಗಿದ ಮೇಲೆ, ಇನ್ನು ಇದರ ಖರ್ಚೇಕೆಂದು, 1953ರಿಂದ ನಡೆದುಬಂದಿದ್ದ ಆ ವಾರ್ತಾ ಸಂಸ್ಥೆಯನ್ನು 1999ರಲ್ಲಿ ಮುಚ್ಚಿ ವಿದೇಶಾಂಗ ಇಲಾಖೆಯೊಳಗೆ ಕರಗಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ ಅವಳಿ ಗೋಪುರಗಳು ಉರುಳಿದವು, ಜಗತ್ತು ನಮ್ಮನ್ನೇಕೆ ದ್ವೇಷಿಸುತ್ತದೆಂಬ ಚರ್ಚೆ ಆ ದೇಶದ ತುಂಬ ಎದ್ದಿತು. ಉತ್ತರ ಹೇಳಬಲ್ಲ ಅನುಭವಿಗಳು ಅಷ್ಟು ಹೊತ್ತಿಗೆ ಚದುರಿಹೋಗಿದ್ದರು. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಇದೇ ವಿಷಯಕ್ಕೆ ತನ್ನ ಕೇಂದ್ರವನ್ನು ಸ್ಥಾಪಿಸಿದ್ದು 2003ರಲ್ಲಿ. ಮುಂದೆ ಸ್ನಾತಕೋತ್ತರ ಪದವಿಯೂ ಬಂತು. 2008ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಇದೇ ಕೆಲಸಕ್ಕಾಗಿ ಅದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಪ್ರಶಸ್ತಿ ಕೊಟ್ಟಿತು.

ಆದರೆ ನನಗೆ ಅಲ್ಲಿ ಮೆಚ್ಚುಗೆಯಾದದ್ದು ಪ್ರಶಸ್ತಿಯಲ್ಲ, ವಿದ್ಯಾರ್ಥಿಗಳು. ಅವರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. 2009ರಿಂದ ತಾವೇ ಸಂಪಾದಿಸುವ ಒಂದು ಪತ್ರಿಕೆ ತಂದರು. ರಾಯಭಾರಿಗಳಿಂದಲೂ ಪ್ರಾಧ್ಯಾಪಕರಿಂದಲೂ ಲೇಖನ ತರಿಸಿ ತಿದ್ದಿ ಪ್ರಕಟಿಸಿದರು. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳು ರಾಯಭಾರಿಯ ವಾಕ್ಯ ತಿದ್ದುವುದೆಂದರೆ ಅದೇ ಒಂದು ತರಬೇತಿ. ಅದಕ್ಕೆ ಬೇಕಾದದ್ದು ವಿಶ್ವವಿದ್ಯಾಲಯದ ಹೆಸರು ಬಳಸುವ ಅನುಮತಿ, ಒಂದು ಕೋಣೆ ಮತ್ತು ಸ್ವಲ್ಪ ಹಣ. ನಮ್ಮಲ್ಲಿಯೂ ವಿಭಾಗಕ್ಕೊಂದು ವಿದ್ಯಾರ್ಥಿ ವೇದಿಕೆ ಇರುತ್ತದೆ. ವರ್ಷದ ಅನುದಾನವೆಲ್ಲ ಉದ್ಘಾಟನೆಯ ದಿನದ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಮತ್ತು ಫ್ಲೆಕ್ಸಿಗೆ ಮುಗಿಯುತ್ತದೆ. ಸಮಾರೋಪಕ್ಕೆ ವಿದ್ಯಾರ್ಥಿಗಳೇ ಚಂದಾ ಎತ್ತುತ್ತಾರೆ. ಅಧ್ಯಕ್ಷರ ಭಾಷಣಕ್ಕೆ ಸಿಕ್ಕಷ್ಟು ಸಮಯ ವಿದ್ಯಾರ್ಥಿಯ ಪ್ರಬಂಧಕ್ಕೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹಣ ಮತ್ತು ಮಾನ್ಯತೆ ಜೊತೆಗೂಡಿದರೆ ಏನಾಗುತ್ತದೆಂಬುದಕ್ಕೆ ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ವಿದೇಶಾಂಗ ಸೇವೆಯಲ್ಲಿ ಅಧಿಕಾರಿಗಳು ಆಯ್ದುಕೊಳ್ಳುವ ಐದು ಕವಲುಗಳಿವೆ. ರಾಜಕೀಯ, ಆರ್ಥಿಕ, ಕಾನ್ಸಲ್ (ವೀಸಾ ಮತ್ತು ಪರದೇಶದಲ್ಲಿರುವ ತನ್ನ ನಾಗರಿಕರ ಕೆಲಸ), ಆಡಳಿತ ಇವುಗಳ ಜೊತೆಗೆ ಐದನೆಯದು ಸಾರ್ವಜನಿಕ ರಾಜತಾಂತ್ರಿಕತೆ. ಪಿಕರಿಂಗ್ ಮತ್ತು ರೇಂಜಲ್ ಹೆಸರಿನ ಫೆಲೋಶಿಪ್‌ಗಳು ಸ್ನಾತಕೋತ್ತರ ವಿದ್ಯಾರ್ಥಿಯ ಖರ್ಚಿಗೆ ಹಣ ಕೊಟ್ಟು, ಓದು ಮುಗಿದ ಮೇಲೆ ಆ ಸೇವೆಗೆ ಕರೆದುಕೊಳ್ಳುತ್ತ ಬಂದಿವೆ. ದುಡ್ಡು, ಪದವಿ, ಹುದ್ದೆ ಮೂರೂ ಒಂದೇ ದಾರಿಯಲ್ಲಿವೆ. ಅವು ಅಮೆರಿಕದ ನಾಗರಿಕರಿಗೆ ಮಾತ್ರ, ನಿಮ್ಮ ಮೊಮ್ಮಗಳಿಗೆ ದಕ್ಕುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮ ಕಡೆಯ ಲೆಕ್ಕ ನೋಡಿ. 2006ರಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಸಾರ್ವಜನಿಕ ರಾಜತಾಂತ್ರಿಕತೆಗೆಂದೇ ಒಂದು ವಿಭಾಗ ತೆರೆಯಿತು. ಮುಂದೆ ಅದನ್ನು ವಿದೇಶಿ ಪ್ರಚಾರ ವಿಭಾಗದೊಂದಿಗೆ ಸೇರಿಸಿದರು. ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಯಾವ ಪದವಿಯಾದರೂ ಸಾಕು, ಆದ್ದರಿಂದ ಈ ಪದವಿಗೆ ಅಲ್ಲಿ ವಿಶೇಷ ಬೆಲೆಯಿಲ್ಲ. ಪಾಠ ಹೇಳೋಣವೆಂದರೆ ಯುಜಿಸಿಯ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಈ ಹೆಸರೇ ಇಲ್ಲ. ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಪಡೆಯುವುದಂತೂ ಇನ್ನೊಂದು ವ್ರತ. ಅದಕ್ಕೆ 2025ರ ಏಪ್ರಿಲ್‌ನಲ್ಲಿ ಯುಜಿಸಿ ಹೊಸ ನಿಯಮಾವಳಿ ತಂದಿದೆ, ಒಳ್ಳೆಯದೇ. ಆದರೆ ಸಮಾನವೆಂದು ಬರೆದುಕೊಟ್ಟರೂ ಯಾವುದಕ್ಕೆ ಸಮಾನ ಎಂಬ ಪ್ರಶ್ನೆ ಉಳಿಯುತ್ತದೆ.

ಇಂಥದೇ ಪದವಿ ಪಡೆದು ಬಂದ ಪರಿಚಯದ ಯುವತಿಯೊಬ್ಬಳು ಒಂದು ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕಿಯ ಹುದ್ದೆಗೆ ಅರ್ಜಿ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಕೌಂಟರಿನ ಗುಮಾಸ್ತರು ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಪಕ್ಕದ ಮೇಜಿನವರಿಗೂ ತೋರಿಸಿದರು. ಆಮೇಲೆ ಬಹಳ ಸಮಾಧಾನದಿಂದ, “ಇದು ಪೊಲಿಟಿಕಲ್ ಸೈನ್ಸೋ ಜರ್ನಲಿಸಮ್ಮೋ ಒಂದು ಹೇಳಿಬಿಡಿ ಮೇಡಂ, ನಮ್ಮ ಲಿಸ್ಟಿನಲ್ಲಿ ಇರೋದು ಅವೆರಡೇ” ಎಂದರು. ರಾಜ್ಯಶಾಸ್ತ್ರ ಎಂದು ಬರೆಸಿದಳು. ಮುಖ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇಲ್ಲವೆಂಬ ಷರಾದೊಂದಿಗೆ ಅರ್ಜಿ ವಾಪಸು ಬಂತು. ಗುಮಾಸ್ತರ ಮೇಲೆ ನನಗೆ ಕೋಪವಿಲ್ಲ, ಪಟ್ಟಿ ಅವರು ಮಾಡಿದ್ದಲ್ಲ. ಅವಳೀಗ ಒಂದು ಸಾಫ್ಟ್‌ವೇರ್ ಕಂಪನಿಯ ಜಾಹೀರಾತಿಗೆ ಇಂಗ್ಲಿಷ್ ಬರೆಯುತ್ತಾಳೆ.

ಈಗ ನನ್ನ ಹಳೆಯ ಹುಣ್ಣಿಗೆ ಬರುತ್ತೇನೆ. ಕನ್ನಡವನ್ನು ಲೋಕಕ್ಕೆ ಪರಿಚಯಿಸಿದವರ ಫೀಸನ್ನು ಬಹುಪಾಲು ಪರರೇ ಕಟ್ಟಿದ್ದಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲೂ ಬರೋಡದಲ್ಲೂ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ ಅವರು 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನವಾದ ಫುಲ್‌ಬ್ರೈಟ್ ಹಣದಲ್ಲಿ. ಅವರು ಶಿಕಾಗೋದಲ್ಲಿ ಕೂತು ವಚನಗಳನ್ನು ಇಂಗ್ಲಿಷಿಗೆ ತರದಿದ್ದರೆ ಅಲ್ಲಮನ ಹೆಸರು ಪಶ್ಚಿಮದ ಎಷ್ಟು ಜನ ಕವಿಗಳ ಕಿವಿಗೆ ಬೀಳುತ್ತಿತ್ತು? ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ. ತಮ್ಮ ಮೊದಲ ಕಾದಂಬರಿ ‘ಸಂಸ್ಕಾರ’ವನ್ನು ಬರೆದದ್ದೂ ಅಲ್ಲಿಯೇ. ಬ್ರಿಟಿಷರ ದುಡ್ಡಿನಲ್ಲಿ ಹೋದವರು ಬರೆದ ಕನ್ನಡ ಕಾದಂಬರಿಯನ್ನು ಅಮೆರಿಕದ ದುಡ್ಡಿನಲ್ಲಿ ಹೋದವರು ಇಂಗ್ಲಿಷಿಗೆ ತಂದರು. ಖ್ಯಾತಿ ಬಂದ ಮೇಲೆ ಸನ್ಮಾನದ ಖರ್ಚು ಮಾತ್ರ ನಾವು ಹೊತ್ತೆವು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ನಮ್ಮ ಎಚ್.ವೈ. ಶಾರದಾಪ್ರಸಾದರು ಕೂಡ ಹಾರ್ವರ್ಡ್‌ನ ನೀಮನ್ ಫೆಲೋಶಿಪ್ (ಪತ್ರಕರ್ತರ ವ್ಯಾಸಂಗಕ್ಕೆ ಕೊಡುವ ವೇತನ) ಪಡೆದವರೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರಲ್ಲ, ಆ ಅನುವಾದಕ್ಕೆ ಇಂಗ್ಲಿಷ್ ಪೆನ್ ಎಂಬ ಲೇಖಕರ ಸಂಸ್ಥೆಯ ನೆರವು ಸಿಕ್ಕಿತ್ತು. ಅದರ ಹಿಂದಿರುವುದು ಇಂಗ್ಲೆಂಡಿನ ಸಾರ್ವಜನಿಕ ಹಣ.

ನೀವು ವಿಜ್ಞಾನದ ಮೇಷ್ಟ್ರು, ಆದ್ದರಿಂದ ಇದನ್ನು ನಿಮಗೆಂದೇ ಎತ್ತಿಟ್ಟಿದ್ದೆ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಹಾರಿದ್ದೇ ತಡ, ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದಿತು. ಗಣಿತಕ್ಕೂ ವಿಜ್ಞಾನಕ್ಕೂ ಹಣ ಇಟ್ಟ ಅದೇ ಕಾಯ್ದೆ ಪರದೇಶದ ಭಾಷೆಗಳ ಕಲಿಕೆಗೂ ಹಣ ಇಟ್ಟಿತು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ಭಾಷೆಗಳ ಪಾಠ ಬೇರೂರಿದ್ದು ಈ ಬಲದಿಂದ. ಅಮೆರಿಕ ಆಹಾರ ನೆರವಾಗಿ ಕಳುಹಿಸುತ್ತಿದ್ದ ಪಿಎಲ್ 480 ಗೋಧಿ ನಿಮಗೆ ನೆನಪಿರಬೇಕು. ಆ ಗೋಧಿಯ ಬೆಲೆಯನ್ನು ಅಮೆರಿಕ ರೂಪಾಯಿಯಲ್ಲಿ ಪಡೆಯುತ್ತಿತ್ತು, ಅದರ ಒಂದು ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ನಮ್ಮ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ನಾವು ಚಪಾತಿ ತಿಂದು ಮರೆತೆವು, ಅವರ ಕಪಾಟಿನಲ್ಲಿ ಕನ್ನಡ ಪುಸ್ತಕ ಉಳಿಯಿತು. ಸೋವಿಯತ್ತರೂ ಹಿಂದೆ ಬಿದ್ದಿರಲಿಲ್ಲ. ಅವರು ಮಾಸ್ಕೋದಲ್ಲಿ ಕನ್ನಡಕ್ಕೆ ತರಿಸಿ ಅಚ್ಚು ಹಾಕಿಸಿದ ಮಕ್ಕಳ ಪುಸ್ತಕಗಳನ್ನು ಪುಡಿಗಾಸಿಗೆ ಕೊಂಡು ಓದಿ, ಅವರದೇ ಪತ್ರಿಕೆಯ ನುಣುಪು ಹಾಳೆಯಲ್ಲಿ ನೋಟ್‌ಪುಸ್ತಕಕ್ಕೆ ರಟ್ಟು ಹಾಕಿಕೊಂಡ ಪೀಳಿಗೆ ನಮ್ಮದು. ತುತ್ತೂರಿಯೇ ಇರಬಹುದು ಮೇಷ್ಟ್ರೇ, ಆದರೆ ಅದನ್ನು ನಮ್ಮ ಭಾಷೆಯಲ್ಲಿ ಊದಲು ಅವರು ಯಾರಿಗೋ ಕಲಿಸಿದ್ದರು, ಸಂಬಳವನ್ನೂ ಕೊಟ್ಟಿದ್ದರು.

ನಮ್ಮ ಸರ್ಕಾರಗಳಿಗೆ ಇದರ ನೆನಪೇ ಇಲ್ಲ. ಪರಿಶಿಷ್ಟ ಜಾತಿಯ ಮತ್ತು ಇತರ ಕೆಲವು ಸಮುದಾಯಗಳ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳುಹಿಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು 2022ರಲ್ಲಿ ತಿದ್ದಿದ ಕೇಂದ್ರ ಸರ್ಕಾರ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಆ ಹಣವಿಲ್ಲ ಎಂದಿತು. ಭಾರತವನ್ನು ಓದಲು ಹೊರಗೇಕೆ ಹೋಗಬೇಕೆಂಬುದು ಅದರ ತರ್ಕ. ಹೊರಗಿನವರಿಗೆ ಭಾರತವನ್ನು ತಿಳಿಸಬೇಕಾದವರು ಹೊರಗೇ ಹೋಗಬೇಕಲ್ಲವೆ? ಹಾರ್ವರ್ಡ್‌ನಲ್ಲಿ ತಮಿಳು ಪೀಠಕ್ಕೆ ಬೇಕಿದ್ದ 60 ಲಕ್ಷ ಡಾಲರ್‌ಗೆ ಜಗತ್ತಿನ ತಮಿಳರು ಚಂದಾ ಎತ್ತುತ್ತಿದ್ದಾಗ, 2017ರಲ್ಲಿ ತಮಿಳುನಾಡು ಸರ್ಕಾರ 10 ಕೋಟಿ ರೂಪಾಯಿ ಕೊಟ್ಟಿತು. ನಾವು ಲಂಡನ್‌ನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿಯವರಿಂದ ಬಸವಣ್ಣನ ಪ್ರತಿಮೆ ಅನಾವರಣ ಮಾಡಿಸಿದೆವು. ಸಂತೋಷ, ನಾನೂ ಮುಖಪುಟದಲ್ಲಿ ಚಿತ್ರ ಹಾಕಿದವನೇ. ಆದರೆ ಆ ಪ್ರತಿಮೆಯ ಮುಂದೆ ನಿಂತು ಇವರು ಯಾರು ಎಂದು ಕೇಳುವ ಲಂಡನ್‌ನ ಶಾಲೆಯ ಹುಡುಗನಿಗೆ ಅವನ ಮಾತಿನಲ್ಲಿ ಅನುಭವ ಮಂಟಪದ ಕಥೆ ಹೇಳುವವರೊಬ್ಬರನ್ನು ಓದಿಸಲು ನಮ್ಮ ಯಾವ ಬಜೆಟ್ಟಿನಲ್ಲೂ ಒಂದು ಸಾಲು ಕಂಡಿಲ್ಲ. ಕಂಚಿಗೆ ಇರುವ ದುಡ್ಡು ಮನುಷ್ಯರಿಗೆ ಇರುವುದಿಲ್ಲ.

ಅಮೆರಿಕವೇ ಈಗ ಕೈಬಿಡುತ್ತಿದೆಯಲ್ಲ ಎಂದು ನೀವು ಕೇಳಬಹುದು. ನಿಜ. ಆಯ್ಕೆಯಾದ ವಿದ್ಯಾರ್ಥಿಗಳ ಹೆಸರನ್ನು ಸರ್ಕಾರ ತನ್ನಿಷ್ಟಕ್ಕೆ ಹೊಡೆದುಹಾಕುತ್ತಿದೆ ಎಂದು ಆಪಾದಿಸಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಎಲ್ಲ ಸದಸ್ಯರೂ 2025ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. 1999ರಲ್ಲಿ ಅಂಗಡಿ ಮುಚ್ಚಿದವರು 2001ರಲ್ಲಿ ಕೈ ಹಿಸುಕಿಕೊಂಡದ್ದನ್ನು ಅವರು ಮರೆತಿದ್ದರೆ ನಾವೂ ಮರೆಯಬೇಕಾಗಿಲ್ಲ.

ಇನ್ನು ನಿಮ್ಮ ಮನೆಯ ವಿಚಾರ. ಮನೆ ಅಡವಿಟ್ಟು ಹುಡುಗಿಯನ್ನು ಈ ವರ್ಷವೇ ಕಳುಹಿಸಬೇಡಿ. ಈ ಪದವಿಯ ಸಂಬಳ ಬ್ಯಾಂಕಿನ ಬಡ್ಡಿಯ ವೇಗದಲ್ಲಿ ಬೆಳೆಯುವುದಿಲ್ಲ. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ಗೆ ಕನಿಷ್ಠ 3 ವರ್ಷ ಕೆಲಸ ಮಾಡಿದ ಅನುಭವ ಕೇಳುತ್ತಾರೆ, ಓದು ಮುಗಿಸಿ ಭಾರತಕ್ಕೆ ಮರಳಬೇಕೆಂಬ ಷರತ್ತೂ ಇದೆ. ಆ ವರ್ಷದ ವಿಷಯಪಟ್ಟಿಯನ್ನು ನೋಡಿಕೊಂಡೇ ಅರ್ಜಿ ಹಾಕಬೇಕು. ಅಂತರರಾಷ್ಟ್ರೀಯ ಸಂಬಂಧಗಳನ್ನು ಇಲ್ಲಿಯೇ ಓದುವುದಾದರೆ ಮಣಿಪಾಲದಲ್ಲಿ ವಿಭಾಗವಿದೆ, ದೆಹಲಿಯ ಜೆಎನ್‌ಯು ಇದ್ದೇ ಇದೆ. ಅಷ್ಟರೊಳಗೆ ಒಂದು ವಿದೇಶಿ ಭಾಷೆಯನ್ನು ಸರಿಯಾಗಿ ಕಲಿಯಲಿ, ಕನ್ನಡದಿಂದ ಇಂಗ್ಲಿಷಿಗೆ ದಿನಕ್ಕೊಂದು ಪುಟ ಅನುವಾದ ಮಾಡಲಿ. ನಮ್ಮ ಕಚೇರಿಯಲ್ಲಿ ಅನುವಾದದ ಮೇಜಿನ ಒಂದು ಕುರ್ಚಿ ಖಾಲಿ ಇದೆ. ಸಂಬಳ ಕಡಿಮೆ, ಆದರೆ ತಿಂಗಳ ಮೊದಲ ವಾರದಲ್ಲೇ ಕೊಡುತ್ತೇವೆ. ಅರ್ಜಿಯನ್ನು ಅವಳೇ ಬರೆಯಲಿ ಮೇಷ್ಟ್ರೇ, ದಯವಿಟ್ಟು ನೀವು ಬರೆಯಬೇಡಿ.