ಕೇಪ್ ಟೌನ್: ಹೂವು, ತಿಮಿಂಗಿಲ ಎರಡೂ ಒಂದೇ ಪ್ರವಾಸದಲ್ಲಿ?

ದಕ್ಷಿಣ ಆಫ್ರಿಕಾದ ಕೇಪ್ ಟೌನಿಗೆ ಹೋಗಿ ಕಾಡುಹೂವು, ತಿಮಿಂಗಿಲ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ದಸರಾ ರಜೆಯ ಅಕ್ಟೋಬರ್ ಇಟ್ಟುಕೊಂಡಿದ್ದೀರಲ್ಲ, ತೊಡಕು ಅಲ್ಲೇ ಇರುವುದು. ತಿಮಿಂಗಿಲ ಆಗಲೂ ಸಿಗುತ್ತವೆ. ಆದರೆ ಕೇಪ್ ಟೌನಿನಿಂದ ಉತ್ತರಕ್ಕಿರುವ ವೆಸ್ಟ್ ಕೋಸ್ಟ್ ನ್ಯಾಷನಲ್ ಪಾರ್ಕಿನಲ್ಲಿ ಹೂವಿಗೆ ಹೆಸರಾದ ಪೋಸ್ಟ್‌ಬರ್ಗ್ ಭಾಗ ತೆರೆಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾತ್ರ. ಸೆಪ್ಟೆಂಬರ್ ಮೊದಲ ವಾರಕ್ಕೆ ಬದಲಾಯಿಸಿ. ಹೂವು ಎಷ್ಟು ಜಾಸ್ತಿ ಅನ್ನುವುದು ಆ ವರ್ಷದ ಚಳಿಗಾಲದ (ಅಲ್ಲಿ ಜೂನ್‌ನಿಂದ ಆಗಸ್ಟ್) ಮಳೆಗೆ ಬಿಟ್ಟಿದ್ದು, ಗ್ಯಾರಂಟಿ ಇಲ್ಲ.

ರೂಮ್ ಕೇಪ್ ಟೌನಿನಲ್ಲೇ ಮಾಡಿ. ಯಾವ ದಿನ ಎಲ್ಲಿಗೆ ಅನ್ನುವುದನ್ನು ಹಿಂದಿನ ರಾತ್ರಿ ಹವಾಮಾನ ನೋಡಿ ತೀರ್ಮಾನಿಸಿ. ಬಿಸಿಲಿದ್ದರೆ ಹೂವು. ಮೋಡವಿದ್ದರೆ ಡೈಸಿಗಳು ದಳ ಮುಚ್ಚಿಕೊಂಡೇ ಕೂತಿರುತ್ತವೆ, ಸುಮ್ನೆ ಪೆಟ್ರೋಲ್ ದಂಡ. ಬೆಳಿಗ್ಗೆ 11ರ ನಂತರ ತಲುಪಿದರೆ ಸಾಕು. ಹೂಗಳು ಸೂರ್ಯನತ್ತ ಮುಖ ಮಾಡಿರುತ್ತವೆ, ಹಾಗಾಗಿ ಬಿಸಿಲು ನಿಮ್ಮ ಬೆನ್ನಿಗಿರಲಿ.

ಮೋಡದ ದಿನ ತಿಮಿಂಗಿಲಕ್ಕೆ ಹೆಸರಾದ ಕಡಲತೀರದ ಊರು ಹರ್ಮೇನಸ್‌ಗೆ ಹೋಗಿ. ದೋಣಿಗೆ ದುಡ್ಡು ಸುರಿಯಬೇಡಿ. ದಡದ ಬಂಡೆಗಳ ಮೇಲಿನ ಕಾಲುದಾರಿಯಿಂದಲೇ ತಾಯಿ-ಮರಿ ಕಾಣುತ್ತವೆ. ನೀರಿನ ಮೇಲೆ ವಿ ಆಕಾರದಲ್ಲಿ ಹಬೆ ಚಿಮ್ಮಿದ ಕಡೆ ಬೈನಾಕ್ಯುಲರ್ ತಿರುಗಿಸಿ.