ಹಾಲಿನ ಅಲರ್ಜಿ ಇರುವ ಮಗುವಿಗೆ ಥೀಮ್ ಪಾರ್ಕ್‌ನಲ್ಲಿ ಯಾವ ರೆಸ್ಟೋರೆಂಟ್ ಸೇಫ್?

ನಾಲ್ಕು ವರ್ಷದ ಮಗ, ಹಾಲಿನ ಅಲರ್ಜಿ, ಸೇಫ್ ಆಗಿರುವ ರೆಸ್ಟೋರೆಂಟ್ ಹೆಸರು ಬೇಕು ಅಂತ ಕೇಳಿದ್ದೀರಿ. ನಾನೂ ಹೀಗೇ ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದವಳು. ಸಂಜೆಗೆ ಆಸ್ಪತ್ರೆಯಲ್ಲಿದ್ದೆವು.

ಮಗಳಿಗೆ ಆಗ ಆರು ವರ್ಷ. ಮಧ್ಯಾಹ್ನ ಎಲ್ಲಾ ಸರಿಯಾಗೇ ಮಾಡಿದ್ದೆ. ಮ್ಯಾನೇಜರನ್ನು ಕರೆಸಿ, ಅಲರ್ಜಿ ಚಾರ್ಟ್ ನೋಡಿ, ಫ್ರೆಂಚ್ ಫ್ರೈಸ್ ಕರಿಯುವ ಎಣ್ಣೆಗೆ ಬೇರೆ ಏನಾದರೂ ಹಾಕುತ್ತೀರಾ ಅಂತ ಕೇಳಿದೆ. ಇಲ್ಲ, ಅದಕ್ಕೇ ಬೇರೆ ಫ್ರೈಯರ್ ಇದೆ ಅಂದರು. ತಿಂದಳು, ಏನೂ ಆಗಲಿಲ್ಲ. ಸಂಜೆ ಪಾರ್ಕಿನ ಇನ್ನೊಂದು ತುದಿಯಲ್ಲಿದ್ದೆವು. ಕಾಲು ಸೋತಿತ್ತು, ಕ್ಯೂ ಉದ್ದ ಇತ್ತು, ಇವಳದು ಹಸಿವು ಅಂತ ಒಂದೇ ರಾಗ. ಅದೇ ಪಾರ್ಕು, ಅದೇ ಪೊಟ್ಟಣ, ಅದೇ ಫ್ರೈಸ್, ಮಧ್ಯಾಹ್ನ ಕೇಳಿ ಆಗಿದೆಯಲ್ಲ ಅಂತ ಸುಮ್ನೆ ತಗೊಂಡೆ.

ಅದೊಂದೇ ತಪ್ಪು. ಆ ಕೌಂಟರ್‌ನಲ್ಲಿ ಇದ್ದದ್ದು ಒಂದೇ ಫ್ರೈಯರ್, ಚೀಸ್ ಸ್ಟಿಕ್ ಕರಿಯುವುದೂ ಅದರಲ್ಲೇ. ಎಣ್ಣೆ ಕುದಿಯುತ್ತಿರುತ್ತಲ್ಲ, ಎಲ್ಲಾ ಸುಟ್ಟುಹೋಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಲಿನ ಪ್ರೋಟೀನ್ ಕ್ರಿಮಿಯಲ್ಲ ಸಾಯುವುದಕ್ಕೆ. ಚೂರುಪಾರಿನ ಜೊತೆ ಎಣ್ಣೆಯಲ್ಲೇ ಉಳಿದು ಮುಂದಿನ ಫ್ರೈಸ್‌ಗೆ ಅಂಟುತ್ತೆ. ಚಾರ್ಟ್ ನೋಡಿದ್ದರೂ ಅಲ್ಲಿ ಹಾಲು ಅಂತ ಇರುತ್ತಿರಲಿಲ್ಲ, ಯಾಕಂದರೆ ಆ ಚಾರ್ಟ್‌ನಲ್ಲಿ ಇದ್ದದ್ದು ತಿಂಡಿಗೆ ಏನೇನು ಹಾಕಿದ್ದಾರೆ ಅನ್ನುವುದು ಮಾತ್ರ, ಅದೇ ಎಣ್ಣೆಗೆ ಮೊದಲು ಏನು ಬಿದ್ದಿತ್ತು ಅನ್ನುವುದಲ್ಲ. ಮಧ್ಯಾಹ್ನ ನನಗೆ ಸಿಕ್ಕಿದ ಉತ್ತರ ಆ ಒಂದು ಅಡುಗೆಮನೆಯದು. ನಾನು ಅದನ್ನು ಇಡೀ ಪಾರ್ಕಿಗೆ ಅಂಟಿಸಿಕೊಂಡೆ.

ಹತ್ತು ನಿಮಿಷದಲ್ಲಿ ತುಟಿ ಸುತ್ತ ದದ್ದು, ಆಮೇಲೆ ಕೆಮ್ಮು, ವಾಂತಿ. ನಾನು ಬ್ಯಾಗಲ್ಲಿ ಅಲರ್ಜಿ ಸಿರಪ್ ಹುಡುಕುತ್ತಾ ಕೂತಿದ್ದೆ. ನಮ್ಮ ಮನೆಯವರು ಎಪಿನೆಫ್ರಿನ್ ಪೆನ್ (ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಚುಚ್ಚುಮದ್ದು) ತೆಗೆದು ತೊಡೆಯ ಹೊರಬದಿಗೆ ಚುಚ್ಚಿದರು. ಸಿರಪ್ ತುರಿಕೆ ಇಳಿಸುತ್ತೆ ಅಷ್ಟೇ, ಉಸಿರು ಕಟ್ಟುವುದನ್ನು ತಡೆಯುವುದಿಲ್ಲ. ಕೆಲವು ಗಂಟೆ ಬಿಟ್ಟು ಮತ್ತೆ ಕಾಣಿಸಿಕೊಳ್ಳಬಹುದು ಅಂತ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲಾ ಇಟ್ಟುಕೊಂಡರು.

ಹಾಗಾಗಿ ಯಾವ ರೆಸ್ಟೋರೆಂಟ್ ಸೇಫ್ ಅನ್ನುವ ಪ್ರಶ್ನೆಯೇ ತಪ್ಪು ಅಂತೀನಿ. ಪ್ರತಿ ಕೌಂಟರ್‌ನಲ್ಲೂ, ಪ್ರತಿ ಸಲವೂ ಕೇಳಬೇಕು. ಮುಜುಗರ ಆದರೆ ಆಗಲಿ. "ಇದರಲ್ಲಿ ಹಾಲಿದೆಯಾ" ಅಂತ ಕೇಳಬೇಡಿ, "ಇದೇ ಎಣ್ಣೆಯಲ್ಲಿ, ಇದೇ ತವಾ ಮೇಲೆ ಇನ್ನೇನು ಮಾಡುತ್ತೀರಿ" ಅಂತ ಕೇಳಿ. ಹಾಲು ಜೀರ್ಣವಾಗದ ತೊಂದರೆ ಅಲ್ಲ, ಅಲರ್ಜಿ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಸ್ವಲ್ಪ ಆದರೆ ಪರವಾಗಿಲ್ಲ ಅಂದುಕೊಳ್ಳುತ್ತಾರೆ. "ಇರಲಿಕ್ಕಿಲ್ಲ" ಅನ್ನುವ ಉತ್ತರ ಬಂದರೆ ಅಲ್ಲಿಂದ ಹೊರಡಿ. ಊಟಕ್ಕೆ ಜನ ನುಗ್ಗುವ ಹೊತ್ತಿಗೆ ಮುಂಚೆಯೇ ಹೋಗಿ, ಆಗ ಅಡುಗೆಯವರೇ ಹೊರಗೆ ಬಂದು ಮಾತಾಡುವಷ್ಟು ಪುರುಸೊತ್ತು ಇರುತ್ತೆ.

ಮನೆಯ ಊಟದ ಡಬ್ಬಿ ಅಂತೂ ಇರಲೇಬೇಕು. ಹೊರಗಿನ ತಿಂಡಿ ಬಿಡದ ಪಾರ್ಕುಗಳಲ್ಲೂ ಅಲರ್ಜಿ ಇದ್ದವರಿಗೆ ಬಿಡುವುದುಂಟು, ಮೊದಲೇ ಬರೆದು ಕೇಳಿ. ತಿನ್ನುವ ಮುಂಚೆ ಕೈ ಸೋಪಲ್ಲಿ ತೊಳೆಸಿ, ಸ್ಯಾನಿಟೈಸರ್ ಪ್ರೋಟೀನನ್ನು ತೆಗೆಯುವುದಿಲ್ಲ.

ಪೆನ್ ಎರಡು ಇರಲಿ, ಒಂದು ಸಾಲದೆ ಹೋಗಬಹುದು. ಬಿಸಿಲಲ್ಲಿ ನಿಂತ ಕಾರಲ್ಲಿ ಇಟ್ಟರೆ ಔಷಧಿ ಕೆಡುತ್ತೆ. ದೂರದ ಲಾಕರ್‌ನಲ್ಲಿ ಇಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ನೀರಿನ ರೈಡ್ ಬಂದಾಗ ಯಾರಾದರೂ ಒಬ್ಬರು ಅದನ್ನು ಹಿಡಿದುಕೊಂಡು ಕೆಳಗೆ ನಿಲ್ಲಬೇಕಾಗುತ್ತೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು, ನನಗೆ ಹೇಗೂ ತಲೆ ಸುತ್ತುತ್ತೆ.