₹1,500ಕ್ಕೆ ಒಳ್ಳೆ ಚಾಕು ಸಿಗುತ್ತಾ?

ಪ್ರಶ್ನೆ: ಮದುವೆಯಾಗಿ ಆರು ತಿಂಗಳಾಯಿತು. ಅಡುಗೆ ನಾವಿಬ್ಬರೂ ಮಾಡುತ್ತೇವೆ. ಮನೆಯಲ್ಲಿರುವುದು ಹಣ್ಣು ಹೆಚ್ಚುವ ಸಣ್ಣ ಚಾಕು ಒಂದೇ. ಎಲೆಕೋಸು, ಕುಂಬಳಕಾಯಿ ತಂದ ದಿನ ಸಾಕುಸಾಕಾಗಿ ಹೋಗುತ್ತದೆ. ಒಂದು ಶೆಫ್ ನೈಫ್ ತಗೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. ನಮ್ಮ ಬಜೆಟ್ ₹1,500. ಆರು ಚಾಕುಗಳ ಸೆಟ್ ಒಳ್ಳೆಯದೋ, ಒಂದೇ ಚಾಕುವೋ? ಡಮಾಸ್ಕಸ್ ಅಂತ ಅಲೆಅಲೆ ಡಿಸೈನ್ ಇರುವುದು ಚೆನ್ನಾಗಿರುತ್ತಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸೆಟ್ ಬೇಡ, ಒಂದೇ ಚಾಕು ತಗೊಳ್ಳಿ. ದಿನಾ ಕೈಗೆ ಬರುವುದು ಒಂದು ದೊಡ್ಡದು, ಒಂದು ಸಣ್ಣದು, ಅಷ್ಟೇ. ಸಣ್ಣದು ನಿಮ್ಮಲ್ಲಿ ಇದ್ದೇ ಇದೆ. ನಾನು ಮೊದಲ ಸಲ ಮನೆ ಮಾಡಿದಾಗ ಸೆಟ್ ತಂದಿದ್ದೆ. ವರ್ಷದೊಳಗೆ ದೊಡ್ಡ ಚಾಕುವಿನ ಹಿಡಿ ಸಡಿಲವಾಗಿ ಅಲ್ಲಾಡತೊಡಗಿತು. ಅಂಥ ಚಾಕುವಿನಲ್ಲಿ ಕುಂಬಳಕಾಯಿ ಸೀಳಲು ಹೋಗುವುದು ಅಪಾಯ.

₹1,500 ಪೂರ್ತಿ ಚಾಕುವಿಗೇ ಸುರಿಯಬೇಡಿ. ಚಾಕು ಸಾವಿರದ ಆಸುಪಾಸಿನದು ಇರಲಿ. ಉಳಿದದ್ದರಲ್ಲಿ ಒಂದು ಸಾಣೆಕಲ್ಲು, ಹೆಚ್ಚುವುದಕ್ಕೆ ಒಂದು ಮರದ ಹಲಗೆ. ನನ್ನ ಹತ್ತಿರ ಅಡುಗೆ ಕಲಿಯಲು ಬರುವವರಿಗೆ ಮೊದಲ ದಿನವೇ ಈ ಮಾತು ಹೇಳುತ್ತೇನೆ. ಎಷ್ಟೇ ದುಬಾರಿ ಚಾಕುವಾದರೂ ಮೊಂಡಾಗಿಯೇ ಆಗುತ್ತದೆ. ಆಗ ಮನೆಯಲ್ಲಿ ಕಲ್ಲು ಇರಬೇಕು.

ಇನ್ನು ಸ್ಟೀಲ್. ಕೆಲವು ಚಾಕುಗಳ ಅಲಗಿನ ಮೇಲೆ ‘ಎಕ್ಸ್50ಸಿಆರ್‌ಎಂಒವಿ15’ ಅಂತಲೋ ‘5ಸಿಆರ್15ಎಂಒವಿ’ ಅಂತಲೋ ಕೊರೆದಿರುತ್ತಾರೆ. ಮೊದಲನೆಯದು ಜರ್ಮನ್ ಲೆಕ್ಕದ ಹೆಸರು, ಎರಡನೆಯದು ಚೀನಾದ್ದು. ಎರಡರಲ್ಲೂ ಶೇ. 0.5ರಷ್ಟು ಕಾರ್ಬನ್, ಶೇ. 15ರಷ್ಟು ಕ್ರೋಮಿಯಂ ಇರುತ್ತದೆ. ಅಲಗು ಗಟ್ಟಿಯಾಗಲು ಕಾರ್ಬನ್ ಬೇಕು, ತುಕ್ಕು ತಡೆಯಲು ಕ್ರೋಮಿಯಂ ಬೇಕು. ಮನೆ ಅಡುಗೆಗೆ ಇದು ಧಾರಾಳ ಸಾಕು. ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಬರೆದು ಸುಮ್ನೆ ಬಿಟ್ಟಿದ್ದರೆ ಕಾರ್ಬನ್ ಕಡಿಮೆ ಇರುವ ಮೆತ್ತನೆ ಸ್ಟೀಲ್ ಇರುವ ಸಾಧ್ಯತೆ ಜಾಸ್ತಿ. ಅದು ಬೇಗ ಮೊಂಡಾಗುತ್ತದೆ.

ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. 55ರಿಂದ 58 ಇದ್ದರೆ ನಮ್ಮ ಮನೆಗಳಿಗೆ ಸರಿ. ಜಪಾನಿನ ಚಾಕುಗಳಲ್ಲಿ 60 ದಾಟಿದ್ದೂ ಇವೆ. ಹರಿತ ಹೆಚ್ಚು ದಿನ ನಿಲ್ಲುತ್ತದೆ ನಿಜ, ಆದರೆ ಗಟ್ಟಿಯಾದದ್ದಕ್ಕೆ ತಾಗಿದರೆ ಬಾಯಿ ಚಕ್ಕೆ ಏಳುತ್ತದೆ. ಬೆಲ್ಲದ ಅಚ್ಚು ಕೆತ್ತುವುದಕ್ಕೂ ಚಿಪ್ಪಿನಿಂದ ಕಾಯಿ ಎಬ್ಬಿಸುವುದಕ್ಕೂ ಕೈಗೆ ಸಿಕ್ಕ ಚಾಕುವನ್ನೇ ಹಿಡಿಯುವವರು ನಾವು, ಅಲ್ವಾ? ಯಾವ ಚಾಕು ತಂದರೂ ಆ ಎರಡು ಕೆಲಸಕ್ಕೆ ಅದನ್ನು ಮುಟ್ಟಬೇಡಿ.

ಡಮಾಸ್ಕಸ್ ವಿಷಯ. ಕಡಿಮೆ ಬೆಲೆಯ ಚಾಕುಗಳಲ್ಲಿ ಆ ಅಲೆಗಳು ಬಹುತೇಕ ಲೇಸರಿನಲ್ಲಿ ಕೊರೆದ ಚಿತ್ರ. ಹರಿತಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಳತೆಯಲ್ಲಿ 8 ಇಂಚು ಸಾಮಾನ್ಯ. ಅಡುಗೆಮನೆ ಕಟ್ಟೆ ಚಿಕ್ಕದಿದ್ದರೆ, ಕೈ ಚಿಕ್ಕದಿದ್ದರೆ ಸಾಂಟೊಕು ಅನ್ನುವ ಜಪಾನಿ ಮಾದರಿಯ 7 ಇಂಚಿನ ಚಾಕು ನೋಡಿ. ಉದ್ದಕ್ಕಿಂತ ನಾನು ಮೊದಲು ನೋಡುವುದು ಹಿಡಿಯ ಹತ್ತಿರ ಅಲಗಿನ ಅಗಲ. ಅದು ನಾಲ್ಕೂವರೆ ಸೆಂಟಿಮೀಟರ್ ಆದರೂ ಇರಬೇಕು. ಇಲ್ಲದಿದ್ದರೆ ಹೆಚ್ಚುವಾಗ ಬೆರಳ ಗೆಣ್ಣು ಹಲಗೆಗೆ ಬಡಿಯುತ್ತದೆ. ಪ್ಲಾಸ್ಟಿಕ್ ಹಿಡಿ ಅಂದರೆ ಕಳಪೆ ಅಂತಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಫೈಬ್ರಾಕ್ಸ್ ಚಾಕುವಿಗೆ ಪ್ಲಾಸ್ಟಿಕ್ ಹಿಡಿಯೇ ಇದೆ, ಹೋಟೆಲ್ ಅಡುಗೆಯವರು ಅದನ್ನು ದಿನವಿಡೀ ಬಳಸುತ್ತಾರೆ. ಅದರ ಬೆಲೆ ನಿಮ್ಮ ಬಜೆಟ್ ಮೀರುತ್ತದೆ, ಆದರೆ ಅಲಗು ನಾನು ಮೇಲೆ ಹೇಳಿದ ಜರ್ಮನ್ ಲೆಕ್ಕದ ಸ್ಟೀಲೇ.

ಸಾಧ್ಯವಾದರೆ ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಿ. ಬರೀ ಹಿಡಿಯನ್ನಲ್ಲ, ಹಿಡಿಯ ಮುಂದಿನ ಅಲಗನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ ಹಿಡಿಯಿರಿ. ಉಳಿದ ಮೂರು ಬೆರಳು ಹಿಡಿಯ ಮೇಲಿರಲಿ. ಅಲಗಿನ ಬೆನ್ನು ತೋರುಬೆರಳಿಗೆ ಒತ್ತಿ ನೋಯಿಸುತ್ತದಾ? ಮುಂದಕ್ಕೆ ಜಗ್ಗುತ್ತದಾ? ಹಾಗಿದ್ದರೆ ವಾಪಸ್ ಇಟ್ಟುಬಿಡಿ. ಅರ್ಧ ಕೆಜಿ ಹುರುಳಿಕಾಯಿ ಹೆಚ್ಚುವಷ್ಟು ಹೊತ್ತು ಅದನ್ನು ಹಿಡಿದಿರಬೇಕಲ್ಲ.

ಪ್ರಶ್ನೆ: ನನ್ನ ಚಾಕು ತಂದು ಎರಡು ತಿಂಗಳು. ಈಗ ಟೊಮೆಟೊ ಹೆಚ್ಚಲು ಹೋದರೆ ಜಜ್ಜಿಹೋಗುತ್ತದೆ. ಹೊಸದು ತರಬೇಕೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬೇಡಮ್ಮ. ಮೊದಲು ಯಾವುದರ ಮೇಲೆ ಹೆಚ್ಚುತ್ತಿದ್ದೀರಿ ನೋಡಿ. ಸ್ಟೀಲ್ ತಟ್ಟೆ, ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ, ಈ ಮೂರೂ ಚಾಕುವಿನ ಬಾಯಿ ಹಾಳು ಮಾಡುತ್ತವೆ. ಮರದ ಹಲಗೆಗೆ ಬದಲಾಯಿಸಿ. ಪಾತ್ರೆಗಳ ಜೊತೆ ಸಿಂಕಿನಲ್ಲಿ ಹಾಕಬೇಡಿ, ತೊಳೆದ ತಕ್ಷಣ ಒರೆಸಿಡಿ.

ಸಾಣೆ ಹಿಡಿಯುವುದು ಕಷ್ಟವಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರುವ ಕಲ್ಲು ಕೇಳಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ ಇಡಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನಿನ ಕಡೆ ಕಿರುಬೆರಳಿನ ದಪ್ಪದಷ್ಟು ಎತ್ತಿ. ಅಗಲದ ಚಾಕುವಿಗೆ ಅದು ಸುಮಾರು 15ರಿಂದ 20 ಡಿಗ್ರಿ ಕೋನ. ಅದೇ ಎತ್ತರ ಬಿಡದೆ, ಬುಡದಿಂದ ತುದಿಯವರೆಗೆ ನಿಧಾನವಾಗಿ ಉಜ್ಜಿ. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಕಾಣುತ್ತದೆ. ಈಗ ಅಲಗಿನ ಮೇಲ್ಮುಖವನ್ನು ಹೆಬ್ಬೆರಳಿನಿಂದ, ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿ ನೋಡಿ. ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಏನೋ ತರಿತರಿ ಸಿಗುತ್ತದೆ. ಅದು ಉದ್ದಕ್ಕೂ ಸಿಕ್ಕಿತೆಂದರೆ ಆ ಬದಿ ಮುಗಿಯಿತು. ಹಾಗೆ ಸಿಗುವ ಮೊದಲೇ ನಿಲ್ಲಿಸುವುದರಿಂದಲೇ ಹೆಚ್ಚಿನವರಿಗೆ ಚಾಕು ಹರಿತವಾಗುವುದಿಲ್ಲ. ಇನ್ನೊಂದು ಬದಿಗೂ ಹೀಗೇ ಮಾಡಿ, ನುಣುಪು ಕಡೆಯಲ್ಲಿ ಎರಡೂ ಬದಿ ಹಗುರವಾಗಿ ಐದಾರು ಸಲ ಎಳೆದು ಮುಗಿಸಿ.

ಕಲ್ಲು ತರುವವರೆಗೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯನ್ನು ಬೋರಲು ಹಾಕಿ. ತಳದ ಅಂಚಿನಲ್ಲಿ ಹೊಳಪಿಲ್ಲದ ಒರಟು ಉಂಗುರವಿರುತ್ತದಲ್ಲ, ಅದರ ಮೇಲೆ ಅದೇ ಕೋನದಲ್ಲಿ ಎಳೆಯಿರಿ. ಇವತ್ತಿನ ಸಾರಿಗೆ ಟೊಮೆಟೊ ಹೆಚ್ಚುವಷ್ಟು ಹರಿತ ಬರುತ್ತದೆ.

ಪ್ರಶ್ನೆ: ಅಮ್ಮನ ಕಾಲದ ಮೆಟ್ಟುಕತ್ತಿ ಮೂಲೆಯಲ್ಲಿದೆ. ಬಾಳೆದಿಂಡು ಹೆಚ್ಚಿದರೆ ಕಪ್ಪಾಗುತ್ತದೆ. ಗುಜರಿಗೆ ಹಾಕಲೇ?
– ಓದುಗರು, ಪುತ್ತೂರು

ಉತ್ತರ: ದಯವಿಟ್ಟು ಹಾಕಬೇಡಿ. ಹಲಸಿನಕಾಯಿ, ಸುವರ್ಣಗಡ್ಡೆ, ಮೀನು ಇವಕ್ಕೆಲ್ಲ ಅದರಷ್ಟು ಸಲೀಸಾದ ಸಾಧನ ಇನ್ನೊಂದಿಲ್ಲ. ಕಾಲಲ್ಲಿ ಮೆಟ್ಟಿ ಕೂತರೆ ಎರಡೂ ಕೈ ತರಕಾರಿಗೇ ಸಿಗುತ್ತವೆ. ಬಾಳೆದಿಂಡಿನ ಒಗರು ಕಬ್ಬಿಣಕ್ಕೆ ತಾಗಿದಾಗ ಕಪ್ಪಾಗುತ್ತದೆ, ಕತ್ತಿಯ ದೋಷವಲ್ಲ. ಹೆಚ್ಚಿದ ಹಾಗೇ ನೀರು ಮಜ್ಜಿಗೆಗೆ ಹಾಕುತ್ತಾ ಹೋಗಿ. ತುಕ್ಕು ಹಿಡಿದಿದ್ದರೆ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕಿ ತೊಳೆಯಿರಿ, ಬಿಸಿಲಿಗೆ ಒಣಗಿಸಿ, ಅಲಗಿಗೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿಡಿ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಮಾತ್ರ ನೆಲದ ಮೇಲೆ ಬೇಡ, ಅಟ್ಟದ ಮೇಲಿರಲಿ.